ಮರಳಿ ಬಂದ ಮಾತ್ರಕ್ಕೆ ರಾಕೆಟ್ ಅಗ್ಗವಾಗುವುದಿಲ್ಲ

ಹಾರಿಸಿದ್ದನ್ನೇ ಮತ್ತೆ ಹಾರಿಸಿದರೆ ಖರ್ಚು ತಾನಾಗಿಯೇ ಇಳಿಯುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಕಕ್ಷೆಗೆ ಹೋಗಿ ವಿಮಾನದಂತೆ ಇಳಿಯುವ ಅಮೆರಿಕದ ನೌಕೆ ಸ್ಪೇಸ್ ಷಟಲ್ ಹುಟ್ಟಿದ್ದೂ ಅದರಿಂದಲೇ. ವರ್ಷಕ್ಕೆ ಹತ್ತಾರು ಹಾರಾಟಗಳ ಲೆಕ್ಕ ಕೊಟ್ಟು ಯೋಜನೆಯನ್ನು ಸಮರ್ಥಿಸಿಕೊಂಡರು. ಅತಿ ಹೆಚ್ಚು ಹಾರಿದ 1985ರಲ್ಲೂ ಆದದ್ದು 9. ಇಡೀ ವೆಚ್ಚವನ್ನು 135 ಹಾರಾಟಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 150 ಕೋಟಿ ಡಾಲರ್.

ಖರ್ಚು ಹೀಗೆ ಏರಿದ್ದರಲ್ಲಿ ಅಮೆರಿಕದ ವಾಯುಪಡೆಯ ಪಾಲು ದೊಡ್ಡದು. ಧ್ರುವಗಳ ಮೇಲೆ ಹಾಯುವ ಕಕ್ಷೆಯಲ್ಲಿ ಒಂದೇ ಸುತ್ತು ಹಾಕಿ ಹೊರಟ ನೆಲೆಗೇ ಇಳಿಯಬೇಕು ಎಂದು ಅದು ಪಟ್ಟು ಹಿಡಿಯಿತು. ಆ ಒಂದೂವರೆ ಗಂಟೆಯಲ್ಲಿ ಭೂಮಿ ತಿರುಗಿ, ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್ ನೆಲೆ ಸುಮಾರು 2,000 ಕಿ.ಮೀ. ಪೂರ್ವಕ್ಕೆ ಸರಿದಿರುತ್ತದೆ. ಅಷ್ಟು ದೂರ ಪಕ್ಕಕ್ಕೆ ಜಾರಿ ಬರಲು ದೊಡ್ಡ ತ್ರಿಕೋನ ರೆಕ್ಕೆ ಬೇಕು, ರೆಕ್ಕೆಗೆ ಶಾಖ ತಡೆಯುವ ಟೈಲ್‌ಗಳು ಬೇಕು. ನೌಕೆಯೊಂದಕ್ಕೆ ಸುಮಾರು 24,000 ಟೈಲ್. ಹೆಚ್ಚುಕಡಿಮೆ ಪ್ರತಿಯೊಂದರ ಅಳತೆಯೂ ಬೇರೆ, ಪ್ರತಿ ಹಾರಾಟದ ನಂತರವೂ ತಪಾಸಣೆ. ವ್ಯಾಂಡನ್‌ಬರ್ಗ್‌ನಿಂದ ಷಟಲ್ ಒಮ್ಮೆಯೂ ಏಳಲಿಲ್ಲ. 1986ರಲ್ಲಿ ಚಾಲೆಂಜರ್ ಎಂಬ ಷಟಲ್ ದುರಂತಕ್ಕೀಡಾದ ಬಳಿಕ ವಾಯುಪಡೆ ಬಳಸಿ ಬಿಸಾಡುವ ಟೈಟನ್ ರಾಕೆಟ್ಟಿಗೆ ಮರಳಿತು.

ಹಾಗಾದರೆ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ ಗೆದ್ದದ್ದು ಎಲ್ಲಿ? ಕಕ್ಷೆಯಿಂದ ಇಳಿಯುವ ನೌಕೆ ಸೆಕೆಂಡಿಗೆ 7.8 ಕಿ.ಮೀ. ವೇಗವನ್ನು ಶಾಖವಾಗಿ ಕಳೆದುಕೊಳ್ಳಬೇಕು. ರಾಕೆಟ್ಟಿನ ಮೊದಲ ಹಂತ, ಅಂದರೆ ಬೂಸ್ಟರ್, ಕಳಚಿಕೊಳ್ಳುವಾಗ ವೇಗ 2 ಕಿ.ಮೀ. ಆಸುಪಾಸು. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕಿಲೋ ಒಂದಕ್ಕೆ ಕಳೆಯಬೇಕಾದ ಶಕ್ತಿ ಸುಮಾರು ಹದಿನೈದರಲ್ಲಿ ಒಂದು ಪಾಲು. ಟೈಲ್ ಹೊದಿಸಬೇಕಿಲ್ಲ, ಒಂಬತ್ತರಲ್ಲಿ ಮೂರು ಎಂಜಿನ್‌ಗಳನ್ನು ಮತ್ತೆ ಉರಿಸಿ ವೇಗ ತಗ್ಗಿಸಿದರೆ ಸಾಕು. ಎಂಜಿನ್‌ಗಳು, ದೊಡ್ಡ ಟ್ಯಾಂಕುಗಳು ಇರುವುದೂ ಈ ಹಂತದಲ್ಲೇ, ಹೆಚ್ಚು ದುಡ್ಡು ಹೋಗುವುದೂ ಇದಕ್ಕೇ. ಅದನ್ನು ಉಳಿಸಿಕೊಳ್ಳಲು ತೆರುವ ಬೆಲೆ: ಮಿಗಿಸಿದ ಇಂಧನ, ಇಳಿಯುವ ಕಾಲುಗಳು, ಇಳಿಯುವಾಗ ದಿಕ್ಕು ತಿದ್ದುವ ಜಾಲರಿಯಂಥ ಗ್ರಿಡ್ ರೆಕ್ಕೆಗಳು. ಭೂಸ್ಥಿರ ವರ್ಗಾವಣೆ ಕಕ್ಷೆಗೆ (ದೂರದ ಭೂಸ್ಥಿರ ಕಕ್ಷೆಗೆ ಹೋಗುವ ಉಪಗ್ರಹವನ್ನು ಮೊದಲು ಬಿಡುವ ದಾರಿ) 8.3 ಟನ್ ಒಯ್ಯಬಲ್ಲ ರಾಕೆಟ್ ಆಗ 5.5 ಟನ್ನಿಗೆ ಇಳಿಯುತ್ತದೆ.

ಉಳಿದದ್ದು ಸಂಖ್ಯೆಯ ಆಟ. ದುರಸ್ತಿ ತಂಡ, ಶೆಡ್ಡು, ಇಳಿದಾಣದ ಹಡಗು ಇವುಗಳ ವಾರ್ಷಿಕ ಖರ್ಚು 300 ಎಂದಿಟ್ಟುಕೊಳ್ಳಿ. ಮೂರು ಉಡಾವಣೆಯಾದರೆ ಒಂದರ ತಲೆಗೆ 100, ಮೂವತ್ತಾದರೆ 10. ದೊಡ್ಡ ಬೇಹು ಉಪಗ್ರಹಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಸೇನೆ ತನಗಷ್ಟೇ ಎಂದು ಮರುಬಳಕೆಯ ರಾಕೆಟ್ ಸಾಕಿದರೆ ಲೆಕ್ಕ ಕೂಡುವುದೇ ಇಲ್ಲ. ನಾಗರಿಕ ಉಡಾವಣೆಗಳು ಆ ಖರ್ಚನ್ನು ಹೊತ್ತಾಗ ಕೂಡುತ್ತದೆ.

ಅಮೆರಿಕ ಸೇನೆಯ ಮಾನವರಹಿತ ಪುಟ್ಟ ನೌಕೆ ಎಕ್ಸ್-37ಬಿಯ ಮಾತು ಬೇರೆ. ಅದು ಮರಳುವುದರಿಂದ ಸಿಗುವ ಲಾಭವೆಂದರೆ ನೂರಾರು ದಿನ ಕಕ್ಷೆಯಲ್ಲಿದ್ದ ಉಪಕರಣಗಳನ್ನು ಬಿಚ್ಚಿ ನೋಡುವ ಅವಕಾಶ. ಮೊದಲ ಯಾತ್ರೆಗಳಲ್ಲಿ ಅದನ್ನು ಹೊತ್ತದ್ದು ಬಿಸಾಡುವ ಅಟ್ಲಾಸ್ 5 ರಾಕೆಟ್.

ಸೇನೆ ಮರುಬಳಕೆಗೆ ಹಂತಹಂತವಾಗಿ ಒಗ್ಗಿದ್ದು ಅದರ ಜಿಪಿಎಸ್ ಉಡಾವಣೆಗಳಲ್ಲಿ ಕಾಣುತ್ತದೆ. ಡಿಸೆಂಬರ್ 2018ರಲ್ಲಿ ಮೂರನೇ ಪೀಳಿಗೆಯ ಮೊದಲ ಜಿಪಿಎಸ್ ಉಪಗ್ರಹವನ್ನು ಫಾಲ್ಕನ್ 9 ಒಯ್ದಾಗ ಕಾಲು, ಗ್ರಿಡ್ ರೆಕ್ಕೆ ಯಾವುದೂ ಇರಲಿಲ್ಲ. ಪೂರ್ತಿ ಇಂಧನ ಉಪಗ್ರಹಕ್ಕೇ ಮೀಸಲಾಗಿ, ಬೂಸ್ಟರ್ ಸಮುದ್ರದ ಪಾಲಾಯಿತು. ಜೂನ್ 2020ರಲ್ಲಿ ಅದೇ ಸರಣಿಯ ಉಪಗ್ರಹ ಒಯ್ದ ಬೂಸ್ಟರನ್ನು ಹಡಗಿನ ಮೇಲೆ ಇಳಿಸಿದರು. ಜೂನ್ 2021ರಲ್ಲಿ ಐದನೆಯದನ್ನು ಹೊತ್ತದ್ದು, ಹಿಂದಿನ ನವೆಂಬರ್‌ನಲ್ಲಿ ನಾಲ್ಕನೆಯದನ್ನು ಒಯ್ದು ಮರಳಿದ್ದ ಬೂಸ್ಟರ್.