ಕರೀ ಚಿಗರಿಯನ್ನು ಹಿಡಿಸಿದರೆ ಹಿಂಡು ಹೋಗುತ್ತದಾ?

ಪ್ರಶ್ನೆ: "ಸರ್, ನಮ್ಮ ಗೋವಿನಜೋಳದ ಹೊಲಕ್ಕ ಚಿಗರಿ ಹಿಂಡು ಬರ್ತದ. ಅದರಾಗ ಒಂದು ಕರೀದು ಐತಿ, ಅದೇ ಲೀಡರ್. ಅದೊಂದನ್ನ ಹಿಡಿಸಿ ದೂರ ಬಿಟ್ರ ಉಳಿದವು ಹೋಗ್ತಾವಲ್ಲ?"

ಹೋಗುವುದಿಲ್ಲ. (ಚಿಗರಿ ಎಂದರೆ ಕೃಷ್ಣಮೃಗ.) ಪೈರು ಗೇಣುದ್ದ ಬಂತೆಂದರೆ ಸಾಕು, ಹಾವೇರಿ, ಗದಗ ಕಡೆಯಿಂದ ಇದೇ ಪ್ರಶ್ನೆ. (ಹುಬ್ಬಳ್ಳಿ-ಧಾರವಾಡದವರಿಗೆ ಚಿಗರಿ ಎಂದರೆ ಆ ಹೆಸರಿನ ಬಸ್ಸು, ಅವರು ಕೇಳುವುದಿಲ್ಲ.) ಮತ್ತೊಮ್ಮೆ ಬರೆಯುತ್ತೇನೆ, ಈ ಸಲ ಪೂರ್ತಿ ಓದಿ.

ಕರೀ ಗಂಡು ಹಿಂಡಿನ ರಾಜನೂ ಅಲ್ಲ, ಗೌಡನೂ ಅಲ್ಲ. ಅವನಿಗೆ ಹಿಂಡೇ ಇಲ್ಲ. ಅವನಿಗಿರುವುದು ಒಂದು ತುಂಡು ಜಾಗ. ಬೆಳಿಗ್ಗೆ ಬದುವಿನ ಮೇಲೆ ಸುಮ್ನೆ ಕೂತು ನೋಡಿ. ಹಿಕ್ಕೆಯನ್ನು ಅವನು ಮತ್ತೆ ಮತ್ತೆ ಅದೇ ಜಾಗದಲ್ಲಿ ಹಾಕುತ್ತಾನೆ, ಅಲ್ಲಿ ಗುಡ್ಡೆಯೇ ಬಿದ್ದಿರುತ್ತದೆ. ಕಣ್ಣಿನ ಮುಂದಿರುವ ಗ್ರಂಥಿಯನ್ನು ಕಡ್ಡಿಗೆ, ಮುಳ್ಳಿಗೆ ಉಜ್ಜಿ ವಾಸನೆ ಹಚ್ಚುತ್ತಾನೆ. ಹೆಣ್ಣುಗಳು ಬಂದರೆ ಮೂತಿ ಮೇಲೆತ್ತಿ, ಕೊಂಬನ್ನು ಬೆನ್ನ ಮೇಲೆ ಒರಗಿಸಿ, ಬಾಲ ಸುರುಳಿ ಮಾಡಿ ಠೀವಿಯಿಂದ ಸುತ್ತುತ್ತಾನೆ. ಹೊರಟರೆ ಅಡ್ಡ ಓಡುತ್ತಾನೆ. ಆದರೂ ಅವು ಹೋಗಿಯೇ ಹೋಗುತ್ತವೆ. ಅವನು ತನ್ನ ಗಡಿಯಲ್ಲೇ ನಿಲ್ಲುತ್ತಾನೆ. ಸಂತೆಯಲ್ಲಿ ಅಂಗಡಿ ಹಾಕಿದವನಿಗೂ ಗಿರಾಕಿಗೂ ಇರುವಷ್ಟೇ ಸಂಬಂಧ. ಅಂಗಡಿಯವನನ್ನು ಎಬ್ಬಿಸಿದರೆ ಸಂತೆ ನಿಲ್ಲುತ್ತದಾ?

ಆ ಜಾಗಕ್ಕೆ ಕಾಯುವವರೂ ಇದ್ದಾರೆ. ಗಂಡುಗಳದ್ದೇ ಬೇರೆ ಗುಂಪು ಇರುತ್ತದೆ, ಅದರಲ್ಲಿ ಕಂದು ಬಣ್ಣದ ಎಳೆಯವು, ಅರ್ಧ ಕಪ್ಪಾದವು ಎಲ್ಲ ಸಿಗುತ್ತವೆ. ಕಪ್ಪು ಬಣ್ಣ ಯಜಮಾನಿಕೆಯ ಪಟ್ಟ ಅಲ್ಲ, ವಯಸ್ಸಿಗೆ ಬಂದ ಗಂಡಿನ ಗುರುತು. ಹಿಂಡು ಎದ್ದು ಹೊರಟಾಗ ಮುಂದೆ ಇರುವುದು ಸಾಮಾನ್ಯವಾಗಿ ಹೆಣ್ಣು. ಆ ಹಿಂಡಾದರೂ ಖಾಯಂ ಅಲ್ಲ. ಬೆಳಿಗ್ಗೆ ಒಂದಾಗಿ ಮೇಯ್ದದ್ದು ಮಧ್ಯಾಹ್ನಕ್ಕೆ ಎರಡಾಗುತ್ತದೆ, ಸಂಜೆ ಬೇರೆ ಹಿಂಡಿಗೆ ಸೇರುತ್ತದೆ. ಹೀಗಿರುವಾಗ ಯಾರು ಯಾರಿಗೆ ಲೀಡರ್?

ಅಂದಹಾಗೆ, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ಚಿಗರಿ ಇದೆ. ಹಿಡಿಯುವ ಮಾತು ಬಿಡಿ. ಬೆಳೆ ಹೋಗಿದ್ದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಹಾಗಾದರೆ ಹಿಂಡು ಕಟ್ಟುವುದು ಯಾಕೆ? ಬಯಲು ನೆಲದಿಂದಾಗಿ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಅಡಗಲು ಜಾಗ ಎಲ್ಲಿದೆ? ತೋಳ ಬಂದರೆ ಮೊದಲೇ ಕಾಣಬೇಕು, ಓಡಬೇಕು. ಒಂದು ತಲೆ ತಗ್ಗಿಸಿ ಮೇಯುವಾಗ ಇನ್ನೊಂದು ತಲೆ ಎತ್ತಿರುತ್ತದೆ. ಹುಲ್ಲು ಎಲ್ಲ ಕಡೆ ಹರಡಿರುವುದರಿಂದ ಜೊತೆಗೆ ಮೇಯ್ದರೂ ದೊಡ್ಡ ಜಗಳವಿಲ್ಲ. ಕುರುಚಲು ಕಾಡಿನ ಕೊಂಡುಕುರಿಯದು (ನಾಲ್ಕು ಕೊಂಬಿನ ಹುಲ್ಲೆ) ಇದಕ್ಕೆ ತದ್ವಿರುದ್ಧ. ಎಳೆ ಚಿಗುರು, ಬಿದ್ದ ಹಣ್ಣು ಆರಿಸಿ ತಿನ್ನುವ ಪ್ರಾಣಿ ಅದು. ಅಂಥ ಮೇವು ಅಲ್ಲೊಂದು ಇಲ್ಲೊಂದು, ಹಂಚಿಕೊಂಡರೆ ಯಾರಿಗೂ ಸಾಲದು. ಪೊದೆಯಲ್ಲಿ ಅಡಗುವವನಿಗೆ ಗುಂಪೇ ಅಪಾಯ. ಹಾಗಾಗಿ ಒಂಟಿ, ಹೆಚ್ಚೆಂದರೆ ಜೋಡಿ. ಪ್ರಾಣಿವಿಜ್ಞಾನಿ ಪೀಟರ್ ಜಾರ್ಮನ್ 1974ರಲ್ಲಿ ಆಫ್ರಿಕಾದ ಹುಲ್ಲೆಗಳ ಬಗ್ಗೆ ಇದನ್ನೇ ತೋರಿಸಿದರು: ಮೈಗಾತ್ರ, ಮೇವು, ನೆಲ ನೋಡಿದರೆ ಗುಂಪು ಎಷ್ಟು ದೊಡ್ಡದೆಂದು ಅಂದಾಜಿಸಬಹುದು.

ಅದೇ 1974ರಲ್ಲಿ ರಾಣೆಬೆನ್ನೂರಿನ 119 ಚದರ ಕಿಲೋಮೀಟರ್ ಚಿಗರಿಗಾಗಿ ಅಭಯಾರಣ್ಯವಾಯಿತು. ಆದರೆ ಅಲ್ಲಿ ಬಹಳಷ್ಟು ನೆಲದಲ್ಲಿ ನೀಲಗಿರಿ ನೆಟ್ಟಿದ್ದಾರೆ. ಹುಲ್ಲಿನ ಬಯಲು ಬೇಕಾದ ಪ್ರಾಣಿಗೆ ನೀಲಗಿರಿ ತೋಪು! ಚಿಗರಿಯ ಲೆಕ್ಕದಲ್ಲಿ ನಿಮ್ಮ ಹೊಲವೇ ಒಳ್ಳೆಯ ಬಯಲು, ಅದಕ್ಕೇ ಬರುತ್ತದೆ.

ಯಾರೂ ಕೇಳಿಲ್ಲ, ಆದರೂ ಮಾಗಡಿ ಕೆರೆಯ ಬಗ್ಗೆ ಒಂದು ಮಾತು. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿ) ಸೇರಿತು. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಹಿಂಡೇ. ಹೊಲಕ್ಕೂ ಇಳಿಯುತ್ತವೆ. ಆದರೆ ಆ ಹಿಂಡಿನೊಳಗೆ ಮನೆತನಗಳಿವೆ. ಗಂಡು-ಹೆಣ್ಣು ವರ್ಷ ವರ್ಷ ಜೊತೆಗಿರುತ್ತವೆ, ಆ ವರ್ಷದ ಮರಿಗಳು ಅವುಗಳ ಹಿಂದೆಯೇ ಹಾರಿ ಬಂದು ದಾರಿ ಕಲಿಯುತ್ತವೆ. ಕಾಯಲು ಜಾಗವಿಲ್ಲದ ಅಲೆಮಾರಿಗೆ ಚಿಗರಿಯ ಅಂಗಡಿ ನಡೆಯುವುದಿಲ್ಲ. ಮುಂದಿನ ಚಳಿಗಾಲದಲ್ಲಿ ಹೋದರೆ ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಇನ್ನೂ ಸರಿಯಾಗಿ ಮೂಡದ ಹಕ್ಕಿಯನ್ನು ಹುಡುಕಿ. ಅದು ಮರಿ. ಆಚೀಚೆ ಇರುವ ದೊಡ್ಡವೆರಡು ಅದರ ಅಪ್ಪ-ಅವ್ವ ಆಗಿರುವ ಸಾಧ್ಯತೆ ಜಾಸ್ತಿ.