ಬೆಂಕಿಯಲ್ಲಿ ತೊಳೆಯುತ್ತಿದ್ದ ಬಟ್ಟೆ

ಸಂಡೂರಿನ ಅದಿರು, ಹಟ್ಟಿಯ ಚಿನ್ನ ನೋಡಿದ ನಮ್ಮ ಕಡೆಯವರಿಗೆ ಗಣಿ ಹೊಸದಲ್ಲ. ಆದರೆ ಕಲ್ಲನ್ನು ಹಿಂಜಿ, ನೂಲು ತೆಗೆದು, ಬಟ್ಟೆ ನೇಯಬಹುದು ಅಂದರೆ ಯಾರಿಗಾದರೂ ಆಶ್ಚರ್ಯವೇ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಅಂಥ ಕಲ್ಲು.

ಸುಮಾರು 4,500 ವರ್ಷಗಳ ಹಿಂದೆಯೇ ಫಿನ್ಲೆಂಡಿನ ಜನ ಇದನ್ನು ಜೇಡಿಮಣ್ಣಿಗೆ ಕಲಸಿ ಮಡಕೆ ಮಾಡುತ್ತಿದ್ದರು. ಔತಣದಲ್ಲಿ ಕೊಳೆಯಾದ ಕಲ್ನಾರಿನ ಕೈವಸ್ತ್ರವನ್ನು ಬೆಂಕಿಗೆ ಹಾಕಿ, ನೀರಲ್ಲಿ ತೊಳೆದದ್ದಕ್ಕಿಂತ ಬೆಳ್ಳಗೆ ಹೊರತೆಗೆದದ್ದನ್ನು ನೋಡಿದ್ದೇನೆ ಎಂದು ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಅದು ಗಿಡದ ನಾರು, ಮಳೆ ಬೀಳದ ಭಾರತದ ಮರುಭೂಮಿಯಲ್ಲಿ ಹಾವುಗಳ ನಡುವೆ ಬೆಳೆಯುತ್ತದೆ ಎಂಬುದು ಅವನ ನಂಬಿಕೆ. ಬೆಂಕಿಯಲ್ಲೂ ಬದುಕುತ್ತದೆ ಎನ್ನಲಾದ ಸಲಮ್ಯಾಂಡರ್ ಎಂಬ ಪ್ರಾಣಿಯ ಕೂದಲು ಎಂದು ಬೇರೆಯವರು ನಂಬಿದ್ದರು. ಇದು ಬೆಟ್ಟದಲ್ಲಿ ಅಗೆದದ್ದು, ಕುಟ್ಟಿ ತೊಳೆದು ನೂಲುತ್ತಾರೆ ಎಂದು 13ನೇ ಶತಮಾನದ ಮಾರ್ಕೊ ಪೋಲೊ ಸರಿಯಾಗಿಯೇ ಹೇಳಿದ.

ಅಷ್ಟಾದರೂ ಅದು ಬಹುಕಾಲ ಅಪರೂಪದ ವಸ್ತುವಾಗಿಯೇ ಉಳಿಯಿತು. ಅದನ್ನು ಬದಲಿಸಿದ್ದು ಉಗಿಯಂತ್ರ. ಬಾಯ್ಲರ್‌ಗೆ, ಉಗಿ ಕೊಳವೆಗೆ ಸುಡದ ಹೊದಿಕೆ ಬೇಕಾಯಿತು. 1870ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ದೊಡ್ಡ ಗಣಿಗಳು ತೆರೆದವು. ಆಮೇಲೆ ರಷ್ಯಾದ ಯುರಲ್, ದಕ್ಷಿಣ ಆಫ್ರಿಕಾ. 1900ರ ಸುಮಾರಿಗೆ ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ ಸಿಮೆಂಟಿಗೆ ಈ ನಾರು ಬೆರೆಸಿ ತೆಳ್ಳನೆಯ ಶೀಟು ಮಾಡಿದ. 1970ರ ದಶಕದ ಕೊನೆಗೆ ಜಗತ್ತು ವರ್ಷಕ್ಕೆ 40 ಲಕ್ಷ ಟನ್ನಿಗೂ ಜಾಸ್ತಿ ಕಲ್ನಾರು ಬಳಸುತ್ತಿತ್ತು.

ಈ ಕಲ್ಲಿನ ಗುಣವೂ ದೋಷವೂ ಒಂದೇ ಕಡೆ ಇವೆ. ಬಿಳಿ ಕಲ್ನಾರಿನಲ್ಲಿ ಸಿಲಿಕಾ ಪದರಕ್ಕೆ ಮೆಗ್ನೀಸಿಯಂ ಪದರ ಅಂಟಿರುತ್ತದೆ. ಎರಡರ ಅಳತೆ ಹೊಂದುವುದಿಲ್ಲ. ಹಾಗಾಗಿ ಅವು ಚಾಪೆ ಸುತ್ತಿದ ಹಾಗೆ ಸುರುಳಿಯಾಗಿ, ಕಣ್ಣಿಗೆ ಕಾಣದ ಕೊಳವೆಗಳಾಗುತ್ತವೆ. ಒಂದು ಎಳೆ ಸೀಳಿದರೆ ಇನ್ನೂ ಸಣ್ಣ ಎಳೆ, ಅದನ್ನು ಸೀಳಿದರೆ ಮತ್ತೂ ಸಣ್ಣದು. ನೂಲಾಗುವುದು ಇದರಿಂದಲೇ. ಉಸಿರಿನ ಜೊತೆ ಶ್ವಾಸಕೋಶದ ತಳ ಮುಟ್ಟುವುದೂ ಇದರಿಂದಲೇ. ಅಲ್ಲಿ ಕಸ ತಿನ್ನುವ ಜೀವಕೋಶಗಳಿಗೆ ಉದ್ದನೆಯ ಎಳೆಯನ್ನು ಪೂರ್ತಿ ನುಂಗಲು ಆಗುವುದಿಲ್ಲ. ಗಾಯವಾಗುತ್ತದೆ, ಶ್ವಾಸಕೋಶ ಗಟ್ಟಿಯಾಗುತ್ತದೆ. ಕ್ಯಾನ್ಸರ್ ಬರುವುದು ಎಷ್ಟೋ ಸಲ 20ರಿಂದ 40 ವರ್ಷಗಳ ನಂತರ. ನಮ್ಮ ಗಣಿ ರಸ್ತೆಯ ಕೆಂಪು ಧೂಳು ಎಲೆ ಮೇಲೆ, ಅಂಗಿ ಮೇಲೆ ಕಾಣುತ್ತದೆ. ಇದು ಕಾಣುವುದೇ ಇಲ್ಲ.

ಕಲ್ನಾರಿನ ಅಪಾಯ ಆಗ ಯಾರಿಗೂ ಗೊತ್ತಿರಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನ ಕಾರ್ಖಾನೆ ತನಿಖಾಧಿಕಾರಿ ಲೂಸಿ ಡೀನ್ 1898ರಲ್ಲೇ ಎಚ್ಚರಿಸಿದ್ದರು. ಈ ಧೂಳಿನ ಕಣಗಳು ಗಾಜಿನ ಚೂರಿನಂತೆ ಹರಿತ ಎಂದು ಸೂಕ್ಷ್ಮದರ್ಶಕ ತೋರಿಸಿತ್ತು. 1924ರಲ್ಲಿ ರಾಚ್‌ಡೇಲ್‌ನ ಕಾರ್ಖಾನೆಯಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಶಾ 33ನೇ ವಯಸ್ಸಿಗೇ ತೀರಿಕೊಂಡರು. ಅವರ ಶ್ವಾಸಕೋಶದಲ್ಲಿ ಕಲ್ನಾರಿನ ಕಣಗಳು ಸಿಕ್ಕವು. ಬ್ರಿಟನ್ ಧೂಳಿನ ನಿಯಮ ತಂದದ್ದು 1931ರಲ್ಲಿ. ಲೂಸಿ ಡೀನ್ ಬರೆದ ಮೇಲೆ 33 ವರ್ಷ ಹೋದವು ಅಲ್ವಾ? ಆ ವರ್ಷಗಳ ಧೂಳು ಕುಡಿದವರು ಕೂಲಿಯವರು. 1960ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯ ವ್ಯಾಗ್ನರ್ ಮತ್ತು ಜೊತೆಗಾರರು ಎದೆಗೂಡಿನ ಪೊರೆಯ ಕ್ಯಾನ್ಸರಿನ 33 ರೋಗಿಗಳ ವಿವರ ಪ್ರಕಟಿಸಿದರು. ಕಲ್ನಾರು ಗಣಿಗೆ ಇಳಿಯದೆ, ಸುಮ್ನೆ ಹತ್ತಿರದಲ್ಲಿ ವಾಸವಿದ್ದವರೂ ಅವರಲ್ಲಿದ್ದರು.

ಇದು ದೂರದ ಕತೆಯಲ್ಲ. ಬಳ್ಳಾರಿಯಿಂದ ಆಗ್ನೇಯಕ್ಕೆ, ಕಡಪ ಜಿಲ್ಲೆಯ ಪುಲಿವೆಂದುಲದಲ್ಲಿ ಬಿಳಿ ಕಲ್ನಾರು ತೆಗೆಯುತ್ತಿದ್ದರು. ಈಗ ಭಾರತಕ್ಕೆ ಅದು ಬಹುಪಾಲು ಹೊರದೇಶದಿಂದ ಬರುತ್ತದೆ, ಬಂದದ್ದು ಹೆಚ್ಚಾಗಿ ಸಿಮೆಂಟ್ ಶೀಟಿಗೇ ಹೋಗುತ್ತದೆ. ರಾಯಚೂರು, ಕೊಪ್ಪಳದ ಊರುಗಳಲ್ಲಿ ಮನೆ, ದನದ ಕೊಟ್ಟಿಗೆ, ಗೋದಾಮುಗಳ ಮೇಲೆ ಇಂಥ ಶೀಟು ಇವೆ. ಗಟ್ಟಿಯಾಗಿರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುತ್ತದೆ. ಅಪಾಯ ಜಾಸ್ತಿಯಾಗುವುದು ಗ್ರೈಂಡರ್ ಹಚ್ಚಿ ಕೊಯ್ದಾಗ, ತೂತು ಕೊರೆದಾಗ, ಹಳೆಯದನ್ನು ಒಡೆದಾಗ. ತೆಗೆಯಲೇಬೇಕಾದರೆ ಚೆನ್ನಾಗಿ ನೀರು ಹಾಕಿ, ಒಡೆಯದೆ ಇಡಿಯಾಗಿ ಇಳಿಸಿ. ಬಿದ್ದ ಚೂರನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಹೊತ್ತಿಗೆ ಮಕ್ಕಳನ್ನು ದೂರ ಕಳಿಸಿ.