ಕಾಗೆಬಂಗಾರದ ಮೇಲೆ ನಡೆದ ಪ್ರೋಟೀನ್

"ಪ್ರೋಟೀನಿನ ಆಕಾರವನ್ನು ಕಂಪ್ಯೂಟರೇ ಹೇಳುತ್ತಲ್ಲ ಸರ್, ಇನ್ನು ಸೂಕ್ಷ್ಮದರ್ಶಕ ಯಾಕೆ?" 2024ರ ರಸಾಯನಶಾಸ್ತ್ರ ನೊಬೆಲ್, ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ತಂತ್ರಾಂಶ ಕಟ್ಟಿದವರಿಗೂ ಸಂದ ಮೇಲೆ ಚಿತ್ರದುರ್ಗದ ಬಿಎಸ್ಸಿ ಹುಡುಗರು ನನ್ನನ್ನು ಹೀಗೆ ಕೇಳಿದರು. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1958ರಲ್ಲಿ ವಿಜ್ಞಾನಿ ಕೆಂಡ್ರ್ಯೂ ಎಕ್ಸ್‌ರೇ ಬಳಸಿ ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ರೂಪ ಕಂಡರು. ಅಲ್ಲಿಂದ ಅರುವತ್ತು ವರ್ಷ ನಮಗೆ ದಕ್ಕಿದ ಚಿತ್ರಗಳಲ್ಲಿ ಬಹುಪಾಲು ಹರಳಾದ ಇಲ್ಲವೇ ಹೆಪ್ಪುಗಟ್ಟಿದ ಪ್ರೋಟೀನಿನವು. ನಮ್ಮ ಪರೀಕ್ಷೆಗಳಲ್ಲೂ 'ರಚನೆ ಬರೆಯಿರಿ' ಎಂಬ ಪ್ರಶ್ನೆಯೇ ಹೆಚ್ಚು. ಪ್ರೋಟೀನ್ ಕೆಲಸ ಮಾಡುವುದು ಅಲುಗಾಡಿಯೇ ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ.

1986ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಪರಮಾಣು ಬಲ ಸೂಕ್ಷ್ಮದರ್ಶಕ ಮಾಡಿದರು. ಅದು ನೋಡುವುದಿಲ್ಲ, ತಡವುತ್ತದೆ. ಚಳ್ಳಕೆರೆಯ ಕಂಬಳಿಯ ಮೇಲೆ ಬೆರಳಾಡಿಸಿದರೆ ಗಂಟು ಎಲ್ಲಿದೆಯೆಂದು ತಿಳಿಯುವಂತೆ, ಸೂಜಿಮೊನೆಯೊಂದು ಅಣುವಿನ ಏರಿಳಿತ ಹೇಳುತ್ತದೆ. ನೀರಿನಲ್ಲೇ ಕೆಲಸ ಮಾಡುವುದರಿಂದ ಪ್ರೋಟೀನ್ ಕೆಡುವುದಿಲ್ಲ. ಆದರೆ ಒಂದು ಚಿತ್ರಕ್ಕೆ ನಿಮಿಷಗಳೇ ಬೇಕಿದ್ದವು.

ಇಲ್ಲಿಂದ ಮುಂದಿನದು ನನಗೆ ಅತಿ ಪ್ರಿಯವಾದ ಭಾಗ. ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ತೊಷಿಯೊ ಆಂಡೊ ತಂಡ ವೇಗಕ್ಕೆ ಅಡ್ಡಬಂದದ್ದನ್ನೆಲ್ಲ ಒಂದೊಂದಾಗಿ ಬಿಡಿಸಿತು. ಸೂಜಿ ಹೊತ್ತ ಪಟ್ಟಿಯನ್ನು ಕೆಲವೇ ಮೈಕ್ರಾನಿಗೆ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಇಳಿಸಿದರು. ಚಿಕ್ಕದಾದರೆ ಬೇಗ ಕಂಪಿಸುತ್ತದೆ, ತೆಳುವಾದರೆ ಮೆತ್ತಗೂ ಇರುತ್ತದೆ. ಪ್ರೋಟೀನ್ ಇಟ್ಟ ತಟ್ಟೆ ವೇಗವಾಗಿ ಓಡಾಡುವಾಗ ಇಡೀ ಯಂತ್ರ ನಡುಗುತ್ತಿತ್ತು. ಎದುರು ದಿಕ್ಕಿಗೆ ಅಷ್ಟೇ ತೂಕ ಚಲಿಸುವಂತೆ ಮಾಡಿ ಸರಿದೂಗಿಸಿದರು. 2001ರ ಹೊತ್ತಿಗೆ 80 ಮಿಲಿಸೆಕೆಂಡಿಗೊಂದು ಚಿತ್ರ. ಆಮೇಲೆ ಅಣುವಿನ ಇಳಿಜಾರಿನಲ್ಲಿ ಸೂಜಿ ಗಾಳಿಪಟದಂತೆ ತೇಲದಂತೆ ನಿಯಂತ್ರಣವನ್ನೂ ಬದಲಿಸಿದರು. 2001ರ ಹೊತ್ತಿಗೆ 80 ಮಿಲಿಸೆಕೆಂಡಿಗೊಂದು ಚಿತ್ರ.

2010ರಲ್ಲಿ ಅದೇ ತಂಡ, ಜೀವಕೋಶದೊಳಗೆ ಹೊರೆ ಸಾಗಿಸುವ ಮಯೋಸಿನ್-5 ಎಂಬ ಪ್ರೋಟೀನ್ ನಡೆಯುವುದನ್ನು ತೋರಿಸಿತು. ನಾವು ಚಿಕ್ಕವರಿದ್ದಾಗ ಹೊಲದಲ್ಲಿ ಆರಿಸುತ್ತಿದ್ದ ಕಾಗೆಬಂಗಾರವೇ ಅಲ್ಲಿ ನೆಲ. ಅದರ ಮೇಲೆ ಕೊಬ್ಬಿನ ತೆಳುಪೊರೆ, ಪೊರೆಯ ಮೇಲೆ ಮಯೋಸಿನ್ ನಡೆಯುವ ಹಾದಿಯಾದ ಆಕ್ಟಿನ್ ಎಂಬ ಪ್ರೋಟೀನಿನ ಎಳೆ. ಜೀವಕೋಶದ ಇಂಧನವಾದ ಎಟಿಪಿ ಉಂಡು, ಒಂದು ಕಾಲಿನ ಮುಂದೆ ಇನ್ನೊಂದನ್ನಿಟ್ಟು, ಹೆಜ್ಜೆಗೆ 36 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್). ಹಿಂದೆ ಹೊಳೆಯುವ ಚುಕ್ಕೆ ಅಂಟಿಸಿ ಊಹಿಸಿದ್ದ ನಡಿಗೆ, ಈಗ ಅಣುವಿನ ಮೈಯಲ್ಲೇ ಕಂಡಿತು.

ಹುಡುಗರಿಗೆ ಆ ದೃಶ್ಯ ತೋರಿಸಿದೆ. ಸೂಜಿಗೆ ಕಾಣುವುದು ಹೊರಮೈ ಮಾತ್ರ, ಒಳಗಿನ ಪರಮಾಣುಗಳ ಜಾಗಕ್ಕೆ ಎಕ್ಸ್‌ರೇ, ಕಂಪ್ಯೂಟರುಗಳೇ ಬೇಕು ಎಂದೂ ಹೇಳಿದೆ. ಅವರು ಮತ್ತೊಮ್ಮೆ ಹಾಕಿಸಿ ಹೆಜ್ಜೆ ಎಣಿಸತೊಡಗಿದರು.